‘ಪರ್ಷಿಯಾಕ್ಕ ಹೋದಾವ ಹೊಳ್ಳಿ ಬರಲಿಲ್ಲ’: ಚಿತ್ತಾಪುರ ಕಡಿ ಮುತ್ತಜ್ಜನ್ನ ಹಡಗಿನ ದಾಖಲ್ಯಾಗ ಹುಡುಕೋದು ಹ್ಯಾಂಗ?

ಕಾಗಿಣಾ ದಂಡಿ ಕೇಳಿದ್ದು:

ಊರು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ, ವಾಡಿ ಜಂಕ್ಷನ್‌ಗೆ ಹತ್ತಿರ. ಮುತ್ತಜ್ಜನ ಖರೆ ಹೆಸರು ಇಲ್ಲಿ ಹಾಕಂಗಿಲ್ಲ, ಹುಸೇನಪ್ಪ ಅಂತ ಇಟ್ಕೊಳ್ರಿ. ಅದೇ ನಮೂನಿ ಹೆಸರೇ ಅದ. ಮೊದಲ ಶಹಾಬಾದದ ಫರ್ಸಿ ಖಣ್ಯಾಗ ಕೆಲಸ, ಆಮ್ಯಾಲ ರೈಲಿಗೆ ಬಾಂಬೆ. ಮನ್ಯಾಗ ಉಳದಿದ್ದು ಒಂದೇ ಮಾತು: ಹಡಗ ಹತ್ತಿ ಪರ್ಷಿಯಾಕ್ಕ ಹೋದ, ಹೊಳ್ಳಿ ಬರಲಿಲ್ಲ.

ನಮ್ಮ ಬಲ್ಲಿ ಎರಡು ಕಾಗದ ಅವ. ಒಂದು ಉರ್ದು ಕಾಗದ, ಹೊಲದ ವಿರಾಸತ್ತಿಂದು (ವಾರಸುದಾರರ ಹೆಸರಿಗೆ ಹೊಲ ಮಾಡಿದ್ದು). ಸರ್ವೆ ನಂಬರ್ ಅದ, ಸಾಲು 1334 ಅಂತ ಅದ. ಓದಿದವರೊಬ್ರು ಅದು 1915-16 ಆಗ್ತದ ಅಂದ್ರು. ಇನ್ನೊಂದು ಖಾಲಿ ಲಕೋಟಿ. ಮೊಹರಿನ್ಯಾಗ ಅಡನ್ (ಅರೇಬಿಯಾದ ಬಂದರು) ಅಂತ ಓದಕ್ಕ ಬರ್ತದ, ತಾರೀಖು ಅಳಿಸ್ಯದ. ಒಳಗಿನ ಪತ್ರ ಇಲ್ಲ. ವಯಸ್ಸು ಗೊತ್ತಿಲ್ಲ, ಹೋಗೋ ಮುಂದ ಮಕ್ಕಳು ಸಣ್ಣವು ಇದ್ದವಂತ.

ಯಾವ ಹಡಗಿನ್ಯಾಗ ಹೋದ ಅಂತ ಹುಡುಕಕ್ಕ ಮುಂಬೈ ಶಿಪ್ಪಿಂಗ್ ಆಫೀಸಿಗೆ ಬರೀಬೇಕೋ, ಲಂಡನ್ನಿಗೆ ಬರೀಬೇಕೋ? ರೊಕ್ಕ ಕಟ್ಟೋ ವಂಶಾವಳಿ ವೆಬ್‌ಸೈಟ್ ತಗೊಂಡ್ರ ಉಪಯೋಗ ಅದ ಏನ್ರಿ?

---

ದಫ್ತರಖಾನಾ:

ಹಡಗಿನ ಮಾತು ಆಮೇಲೆ. ಆ 1334 ಯಾವ ಲೆಕ್ಕದ್ದು ಅನ್ನೋದು ಮೊದಲು ಇತ್ಯರ್ಥವಾಗಬೇಕು. 1334 ಹಿಜರಿ ಅಂದರೆ 1915ರ ನವೆಂಬರಿನಿಂದ 1916ರ ಅಕ್ಟೋಬರ್. 1334 ಫಸಲಿ ಅಂದರೆ 1924ರ ಅಕ್ಟೋಬರಿನಿಂದ 1925ರ ಅಕ್ಟೋಬರ್ ಮೊದಲ ವಾರ. ಒಂಬತ್ತು ವರ್ಷದ ಫರಕು. ನಿಜಾಮರ ಕಂದಾಯ ಕಚೇರಿಗಳು ನಡೆಯುತ್ತಿದ್ದದ್ದು ಫಸಲಿಯ ಮೇಲೆ. ನಿಮಗೆ ಓದಿ ಹೇಳಿದವರು ಹಿಜರಿ ಕೋಷ್ಟಕ ನೋಡಿದಂತೆ ಕಾಣುತ್ತದೆ.

ಸಾಲಿನ ಅಂಕಿಯ ಪಕ್ಕ ನೋಡಿ. ‘ಫೆ’ ಅಕ್ಷರವಿದ್ದರೆ ಫಸಲಿ, ಎರಡು ಕಣ್ಣಿನ ‘ಹೆ’ ಇದ್ದರೆ ಹಿಜರಿ. ಅದು ಅಳಿಸಿದ್ದರೆ ತಿಂಗಳ ಹೆಸರು ಹೇಳುತ್ತದೆ. ಮೊಹರ್ರಂ, ಸಫರ್, ರಜಬ್ ಹಿಜರಿಯವು. ಆಜರ್, ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ, ಉರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವಾರ್, ಮೆಹರ್, ಆಬಾನ್ ಇದ್ದರೆ ಫಸಲಿ. ಹೈದರಾಬಾದ್ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರ ಆಜರ್‌ನಿಂದ ಶುರು. ಡಿಸೆಂಬರ್ ಕೊನೆಯವರೆಗೆ 590 ಕೂಡಿಸಿ, ಜನವರಿಯಿಂದ ಮುಂದಿನದಕ್ಕೆ 591. ಇನ್ನೊಂದು ಎಚ್ಚರ: ಉರ್ದು ಅಂಕಿಯ ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಮೇಲಿನ ಒಂದು ಹಲ್ಲು ಮಾತ್ರ. ಮಸಿ ಹರಡಿದ ಕಾಗದದಲ್ಲಿ 1334 ಅನ್ನೋದು 1324 ಆಗಿರಲೂಬಹುದು. ಕಾಗದದಲ್ಲಿ ಬೇರೆ ಕಡೆ ಬರೆದ ಎರಡು, ಮೂರನ್ನು ಇದರ ಪಕ್ಕ ಇಟ್ಟು ಹೋಲಿಸಿ. ಹಣದ ಮೊತ್ತ ರಖಮ್ ಲಿಪಿಯಲ್ಲಿದ್ದರೆ ಉರ್ದು ಬಲ್ಲವರಿಗೂ ಓದಲು ಬರುವುದಿಲ್ಲ. ಅದನ್ನು ಬಿಟ್ಟುಬಿಡಿ, ನಿಮ್ಮ ಕೆಲಸಕ್ಕೆ ಬೇಕಿಲ್ಲ.

ವಿರಾಸತ್ ಕಾಗದದಲ್ಲಿ ಸಾಲಿಗಿಂತ ಮುಖ್ಯವಾದದ್ದು ಕಾರಣ. ‘ಫೌತ್’ ಅಂತ ಬರೆದಿದ್ದರೆ (ಈಗಲೂ ಫೌತಿ ಖಾತೆ ಅನ್ನುತ್ತೇವಲ್ಲ, ಅದೇ) ಸತ್ತ ಸುದ್ದಿ ಮನೆಗೆ ಮುಟ್ಟಿತ್ತು ಅಂತ ಅರ್ಥ. ಆಗ ಆ ಸುದ್ದಿ ತಂದ ಚೀಟಿಯೋ ಸಾಕ್ಷಿಯ ಹೇಳಿಕೆಯೋ ಮೂಲ ಕಡತದಲ್ಲಿ ಇರುವ ಸಾಧ್ಯತೆ ಇದೆ. ‘ಮಫ್ಕೂದುಲ್ ಖಬರ್’ ಅಂತಿದ್ದರೆ ಪತ್ತೆಯಿಲ್ಲದವನು. ಆಗ ಎಷ್ಟು ವರ್ಷದಿಂದ ಪತ್ತೆಯಿಲ್ಲ ಅನ್ನುವ ಮಾತು, ಪಟೇಲ–ಪಟವಾರಿಗಳ ಹೇಳಿಕೆ ಹುಡುಕಿ. ನಿಮ್ಮ ಕೈಲಿರುವುದು ಬಹುಶಃ ಕೊನೆಯ ಆದೇಶದ ನಕಲು, ಪೂರ್ತಿ ಮಿಸಲ್ (ಕಡತ) ಅಲ್ಲ.

ಮಿಸಲ್‌ಗಾಗಿ ತಹಶೀಲ್ ಕಚೇರಿಯ ಅಭಿಲೇಖಾಲಯಕ್ಕೆ ದೃಢೀಕೃತ ನಕಲಿನ ಅರ್ಜಿ ಕೊಡಿ. ಅರ್ಜಿಯಲ್ಲಿ ಊರು, ಹಳೇ ಸರ್ವೆ ನಂಬರ್, ಫಸಲಿ ಸಾಲು ಮೂರೂ ಇರಲಿ. ‘ನಮ್ಮ ಮುತ್ತಜ್ಜನ ದಾಖಲೆ’ ಅಂತ ಬರೆದರೆ ಲಭ್ಯವಿಲ್ಲ ಅನ್ನುವ ಹಿಂಬರಹ ಗ್ಯಾರಂಟಿ. ಸರ್ವೆ ನಂಬರ್ ನಡುವೆ ಬದಲಾಗಿರಬಹುದು, ಹೊಸದಕ್ಕೂ ಹಳೆಯದಕ್ಕೂ ತಾಳೆ ಮಾಡಲು ಭೂದಾಖಲೆ ಇಲಾಖೆಯಿಂದ ಆಕಾರಬಂದ್ ತೆಗೆಸಿ. ಜೊತೆಗೆ ಸೇತ್ವಾರ್ (ಮೊದಲ ಸರ್ವೆಯ ಹೊಲಗಳ ಪಟ್ಟಿ), ವಸೂಲ್ ಬಾಕಿ, 1954-55ರ ಖಾಸ್ರಾ ಪಹಣಿ ಕೇಳಿ. ವಸೂಲ್ ಬಾಕಿ ವರ್ಷವರ್ಷದ ಪಟ್ಟಿ. ಕಂದಾಯ ಯಾರ ಹೆಸರಿನಲ್ಲಿ ಯಾವ ಸಾಲಿನವರೆಗೆ ಕಟ್ಟಿದೆ, ಎಲ್ಲಿಂದ ಹೆಂಡತಿ ಅಥವಾ ತಮ್ಮನ ಹೆಸರು ಬಂತು ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಹಾಕಿ, 30 ದಿನದ ಗಡುವು ಇದೆ. ಭೂಸುರಕ್ಷಾ ಯೋಜನೆಯಲ್ಲಿ ತಾಲೂಕುಗಳ ಹಳೇ ಕಡತ ಸ್ಕ್ಯಾನ್ ಆಗುತ್ತಿವೆ. ನಿಮ್ಮ ಊರಿನ ಕಟ್ಟು ಆಗಿದೆಯೇ ಕೇಳಿ, ಆಗಿದ್ದರೆ ಕೆಲಸ ಹಗುರ.

ಊರು ದಿವಾನಿಯೋ (ನೇರ ಸರ್ಕಾರದ್ದು) ಜಾಗೀರೋ (ಜಾಗೀರುದಾರನದ್ದು) ಅದೂ ತಿಳಿಯಿರಿ. ಜಾಗೀರುಗಳು ರದ್ದಾದದ್ದು 1949ರಲ್ಲಿ. ಅದಕ್ಕೆ ಮುಂಚಿನ ಜಾಗೀರು ಊರಿನ ಕಾಗದ ತಾಲೂಕಿನಲ್ಲಿ ಇರಲೇಬೇಕೆಂದಿಲ್ಲ. ಅಂಥದ್ದಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರವೇ ಗತಿ.

---

ಟಿಕೇಟು ಮೊಹರು:

ಲಕೋಟೆಯ ಬಗ್ಗೆ ಮಾತ್ರ ಹೇಳುತ್ತೇನೆ. ಟಿಕೇಟನ್ನು ಬಿಡಿಸಬೇಡಿ, ನೀರಿಗೆ ಹಾಕಬೇಡಿ. ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಎರಡೂ ಮಗ್ಗುಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ನಂತರ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮೊಹರಿನ ಮೇಲೆ ಫೋಟೊ ತೆಗೆಯಿರಿ. ಮಸಿ ಹೋದರೂ ಕೆಲವೊಮ್ಮೆ ಒತ್ತು ಉಳಿದಿರುತ್ತದೆ.

ಅಡನ್ ಮೊಹರಿನ ಕೆಳಗೆ ಭಾರತದ ಟಿಕೇಟು ಇದ್ದರೆ ಗಾಬರಿ ಬೇಡ. 1937ರವರೆಗೆ ಅಲ್ಲಿ ನಡೆದದ್ದು ಭಾರತದ್ದೇ. ಟಿಕೇಟಿನ ಮೇಲೆ ಏಳನೇ ಎಡ್ವರ್ಡ್ ಇದ್ದರೆ ಮುದ್ರಣ 1902ರಿಂದ 1911ರ ನಡುವಿನದು, ಐದನೇ ಜಾರ್ಜ್ ಇದ್ದರೆ 1911ರ ನಂತರದ್ದು. ಬೆಳಕಿಗೆ ಹಿಡಿದಾಗ ಒಂಟಿ ನಕ್ಷತ್ರದ ನೀರ್ಗುರುತು ಕಂಡರೆ 1926ಕ್ಕೆ ಮುಂಚಿನ ಮುದ್ರಣ, ಸಾಲು ನಕ್ಷತ್ರ ಕಂಡರೆ ಆಮೇಲಿನದು. ಲಕೋಟೆಗೆ ಅಂಟಿಕೊಂಡ ಟಿಕೇಟಿನಲ್ಲಿ ಇದು ಕಾಣುವುದು ಕಷ್ಟ, ಆದರೂ ನೋಡಿ.

ಇಲ್ಲಿ ಕವಲು ಒಡೆಯುವ ಜಾಗ ಒಂದಿದೆ. ರಾಜನ ಮುಖದ ಮೇಲೆ ‘ಐ.ಇ.ಎಫ್.’ (ಇಂಡಿಯನ್ ಎಕ್ಸ್‌ಪೆಡಿಷನರಿ ಫೋರ್ಸ್) ಅಂತ ಕಪ್ಪು ಮಸಿಯಲ್ಲಿ ಹೊಡೆದಿದ್ದರೆ, ಅಥವಾ ಮೊಹರಿನಲ್ಲಿ ‘ಎಫ್.ಪಿ.ಓ.’ (ಫೀಲ್ಡ್ ಪೋಸ್ಟ್ ಆಫೀಸ್) ಅಂತ ನಂಬರ್ ಇದ್ದರೆ, ಆತ ಹಡಗಿನ ಖಲಾಸಿ ಅಲ್ಲ. ಅದು 1914ರಿಂದ ಹೊರಗೆ ಹೋದ ಭಾರತೀಯ ಸೇನೆಯ ಅಂಚೆ. ಸಿಪಾಯಿ, ಸಾಯಿಸ, ಅಡಿಗೆಯವ, ಕೂಲಿ, ಯಾರೋ ಒಬ್ಬ ಪಡೆಯ ಜೊತೆಗಿದ್ದವ. ಆಗ ಹಡಗು ಬರೀ ಸಾಗಣೆಯ ಗಾಡಿ, ಹುಡುಕಬೇಕಾದ್ದು ಪಡೆಯ ದಾಖಲೆ. ಹೈದರಾಬಾದ್ ಲ್ಯಾನ್ಸರ್ಸ್ ಈಜಿಪ್ಟಿಗೆ ಹೋಗಿದ್ದು, 1916ರಿಂದ ಮೆಸೊಪೊಟೇಮಿಯಾಕ್ಕೆ (ಈಗಿನ ಇರಾಕ್) ಕೂಲಿ ದಳಗಳು ಹೋಗಿದ್ದು ಗೊತ್ತಿರಬಹುದು. ಬಸ್ರಾ ಕಡೆ ಹೋದವರನ್ನೂ ಊರಲ್ಲಿ ಪರ್ಷಿಯಾ ಅಂದಿರಬಹುದು.

‘ಸೀ ಪೋಸ್ಟ್ ಆಫೀಸ್’ ಅಂತ ಮೊಹರಿದ್ದರೆ ಹಿಗ್ಗಬೇಡಿ. ಬಾಂಬೆ–ಅಡನ್ ನಡುವೆ ಟಪಾಲು ಹಡಗಿನಲ್ಲೇ ವಿಂಗಡಣೆ ಆಗುತ್ತಿತ್ತು, 1914ರಲ್ಲಿ ನಿಂತಿತು. ಪತ್ರ ಬರೆದವ ಹಡಗಿನ ಆಳು ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ. ‘ಅಡನ್ ಕ್ಯಾಂಪ್’ ಮೊಹರು ಒಳಗಿನ ಪೇಟೆಯ ಕಚೇರಿಯದು, ‘ಸ್ಟೀಮರ್ ಪಾಯಿಂಟ್’ ಹಡಗು ನಿಲ್ಲುವ ಕಡೆಯದು.

ಹಿಂಬದಿ ನೋಡಲು ಮರೆಯಬೇಡಿ. ಮುಂದಿನ ತಾರೀಖು ಅಳಿಸಿದ್ದರೂ ಮುಟ್ಟಿದ ಊರಿನ ಮೊಹರು ಸಾಮಾನ್ಯವಾಗಿ ಹಿಂದೆ ಇರುತ್ತದೆ. ನಿಜಾಮರಿಗೆ ತಮ್ಮದೇ ಅಂಚೆ ಇತ್ತು, ಅದರ ಮೊಹರು ಉರ್ದುವಿನಲ್ಲಿದ್ದರೆ ಸಾಲು ಮತ್ತೆ ಫಸಲಿಯೇ ಅಂತ ನೆನಪಿಡಿ.

---

ಮಜಗಾಂವ್ ಗೋದಿ:

ಪರ್ಷಿಯಾ ಅನ್ನೋದು ದೇಶವೇ ಇರಬೇಕಿಲ್ಲ. ಪಿ ಅಂಡ್ ಓ ಕಂಪನಿಯ ಬಾಂಬೆ ಮೇಲ್ ಹಡಗುಗಳ ಹೆಸರು ನೋಡಿ: ಇಂಡಿಯಾ, ಚೀನಾ, ಈಜಿಪ್ಟ್, ಅರೇಬಿಯಾ, ಪರ್ಷಿಯಾ. ಪರ್ಷಿಯಾ ಲಂಡನ್ನಿನಿಂದ ಬಾಂಬೆಗೆ ಬರುವಾಗ 1915ರ ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ದಕ್ಷಿಣಕ್ಕೆ ಜರ್ಮನ್ ಸಬ್‌ಮರೀನ್ ಯು-38ರ ಟಾರ್ಪೆಡೊಗೆ ಸಿಕ್ಕಿ ಕೆಲವೇ ನಿಮಿಷದಲ್ಲಿ ಮುಳುಗಿತು. ಹಡಗಿನಲ್ಲಿದ್ದ 519 ಜನರಲ್ಲಿ 343 ಮಂದಿ ಸತ್ತರು, ಅದರಲ್ಲಿ ಲಸ್ಕರ್‌ಗಳೇ (ಹಡಗಿನ ಭಾರತೀಯ ಆಳುಗಳೇ) ಬಹಳ. ಅರೇಬಿಯಾ 1916ರ ನವೆಂಬರ್ 6ರಂದು ಹೋಯಿತು, ಅಲ್ಲಿ ಸತ್ತದ್ದು ಎಂಜಿನ್ ಕೋಣೆಯ ಕೆಲವರು ಮಾತ್ರ. ಈಜಿಪ್ಟ್ 1922ರ ಮೇ 20ರಂದು ಫ್ರಾನ್ಸ್ ಕರಾವಳಿಯ ಹತ್ತಿರ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹಾಗಂತ ನಿಮ್ಮ ಮುತ್ತಜ್ಜ ಪರ್ಷಿಯಾ ಹಡಗಿನವನೇ ಅಂತ ತೀರ್ಮಾನಿಸಬೇಡಿ. ಇದು ಪರೀಕ್ಷಿಸಬೇಕಾದ ಊಹೆ, ಅಷ್ಟೇ. ಪರೀಕ್ಷೆಗೆ ಪುಕ್ಕಟೆ ದಾರಿ ಇರುವುದರಿಂದ ಮೊದಲು ಇದನ್ನೇ ಮಾಡಿ.

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣಕ್ಕೆ ಹೋಗಿ, ಸ್ಮಾರಕದ ಜಾಗದಲ್ಲಿ ಬಾಂಬೆ 1914–1918 ಸ್ಮಾರಕ ಆರಿಸಿ. ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿರುವ ಈ ಸ್ಮಾರಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರಿವೆ. ಹೆಸರಿನ ಖಾನೆ ಖಾಲಿ ಬಿಡಿ, ತಾರೀಖು 1915ರ ಡಿಸೆಂಬರ್ 30 ಮಾತ್ರ ಹಾಕಿ. ಬಂದ ಪಟ್ಟಿಯನ್ನು ಸ್ಪ್ರೆಡ್‌ಶೀಟ್ ಆಗಿ ಇಳಿಸಿಕೊಂಡು ಕಣ್ಣಿನಿಂದ ಓದಿ. ಹೆಸರು ಹೊಡೆದು ಹುಡುಕಿದರೆ ತಪ್ಪುವುದು ಯಾಕೆಂದರೆ ಲಸ್ಕರ್‌ಗೆ ಅಡ್ಡಹೆಸರಿಲ್ಲ, ಇಡೀ ಹೆಸರನ್ನು ಒಂದೇ ಖಾನೆಗೆ ತುರುಕಿರುತ್ತಾರೆ. ಈ ಕಮಿಷನ್ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರವರೆಗಿನದನ್ನು ಮಾತ್ರ ತೆಗೆದುಕೊಳ್ಳುತ್ತದೆ. ವ್ಯಾಪಾರಿ ಹಡಗಿನವರಾದರೆ ಶತ್ರುವಿನ ಕೃತ್ಯದಿಂದ ಸತ್ತಿರಬೇಕು. ಜ್ವರ ಬಂದು ಸತ್ತವನೂ ಈಜಿಪ್ಟ್ ಹಡಗಿನವನೂ ಅಲ್ಲಿ ಸಿಗುವುದಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ಹಡಗಿಗೆ ಹೋಗಿಲ್ಲ ಅಂತಲ್ಲ.

ಎರಡನೇದು 1915ರ ಸಿಬ್ಬಂದಿ ಪಟ್ಟಿ. ಬ್ರಿಟಿಷ್ ಹಡಗುಗಳ 39,000ಕ್ಕೂ ಹೆಚ್ಚು ಪಟ್ಟಿಗಳು, ಏಳೂವರೆ ಲಕ್ಷಕ್ಕೂ ಮಿಕ್ಕಿ ಹೆಸರು, ಎಲ್ಲ ಉಚಿತವಾಗಿ ಆನ್‌ಲೈನ್‌ನಲ್ಲಿವೆ. ಹುಡುಕುವುದು ಹಡಗಿನ ಹೆಸರಿನಿಂದ ಅಲ್ಲ, ಅಧಿಕೃತ ನಂಬರಿನಿಂದ. ಒಂದೇ ಹೆಸರಿನ ಹಡಗು ಹಲವು ಇರುತ್ತವೆ, ನಂಬರ್ ಮಾತ್ರ ಒಂದೇ. ನಂಬರ್ ಬೇಕಾದರೆ ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್ ನೋಡಿ. ಟೈಪ್ ಮಾಡಿದ ಹೆಸರು ನಂಬದೆ ಮೂಲ ಹಾಳೆಯ ಚಿತ್ರ ತೆರೆಯಿರಿ. ಲಸ್ಕರ್‌ಗಳ ಒಪ್ಪಂದ ಗೋರಾ ಸಿಬ್ಬಂದಿಯದಕ್ಕಿಂತ ಬೇರೆ. ಬಾಂಬೆಯಲ್ಲಿ ತೆರೆದು ಬಾಂಬೆಯಲ್ಲೇ ಮುಚ್ಚಿದ ಒಪ್ಪಂದ ಲಂಡನ್ನಿನ ಕಟ್ಟಿನಲ್ಲಿ ಇಲ್ಲದೇ ಇರುವುದೇ ಹೆಚ್ಚು. ಹೀಗಾಗಿ ಪಟ್ಟಿಯಲ್ಲಿ ಅಧಿಕಾರಿಗಳು ಮಾತ್ರ ಕಂಡರೆ ನಿಮ್ಮವ ಇರಲಿಲ್ಲ ಅಂತ ಓದಬೇಡಿ, ಆ ಹಾಳೆ ಇಲ್ಲ ಅಂತ ಓದಿ.

1915 ಅಲ್ಲದ ವರ್ಷ ಬೇಕಾದರೆ: 5ರಲ್ಲಿ ಮುಗಿಯುವ ವರ್ಷಗಳ ಪಟ್ಟಿ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ, ಹತ್ತರಲ್ಲಿ ಒಂದು ಪಾಲು ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಉಳಿದದ್ದರ ದೊಡ್ಡ ಪಾಲು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ನಕಲಿಗೆ ಹಣ ಕೇಳುತ್ತಾರೆ, ಹಡಗಿನ ನಂಬರ್ ಮತ್ತು ವರ್ಷ ಎರಡೂ ಗೊತ್ತಾಗುವವರೆಗೆ ಕೊಡಬೇಡಿ. ಸಮುದ್ರದ ಮೇಲಿನ ಸಾವುಗಳಿಗೆ ಕ್ಯೂನಲ್ಲಿ ಬಿಟಿ 334 ಸರಣಿ ಇದೆ, 1891ರಿಂದ. ದುಡ್ಡು ಕಟ್ಟುವ ವಂಶಾವಳಿ ತಾಣಕ್ಕೆ ಬೆಲೆ ಬರುವುದು ಈ ಸರಣಿಯ ಸೂಚಿ ಅಲ್ಲಿದ್ದರೆ ಮಾತ್ರ. ವರ್ಷದ ಚಂದಾ ಬೇಡ, ಒಂದು ತಿಂಗಳು ಸಾಕು.

ಮುಂಬೈ ಶಿಪ್ಪಿಂಗ್ ಆಫೀಸಿಗೆ ಬರೆದು ಕಾಲ ಕಳೆಯಬೇಡಿ. ಅದು ಸ್ವಾತಂತ್ರ್ಯದ ನಂತರ ಹಡಗಿಗೆ ಹೋದವರಿಗೆ ಉಪಯೋಗ. 1960ರ ದಶಕದ ಮೇಲಾದರೆ ಸೀಮೆನ್ಸ್ ಪ್ರಾವಿಡೆಂಟ್ ಫಂಡ್ ಕಚೇರಿಯೂ ಇದೆ. ನಿಮ್ಮ ಕಾಲಕ್ಕೆ ಬೇಕಾದದ್ದು ಕಾಳಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರದ ಮರೀನ್ ಇಲಾಖೆ ಸಂಪುಟಗಳು. ಅಲ್ಲಿ ಕಾಗದ ಜೋಡಿಸಿರುವುದು ಇಲಾಖೆ, ವರ್ಷ, ಸಂಪುಟ, ಕಂಪೈಲೇಷನ್ ನಂಬರ್ ಪ್ರಕಾರ. ಹೆಸರಿನಿಂದ ಹುಡುಕಲು ಆಗದು.

ಈಗ ಹೆಸರು. ಹುಸೇನಪ್ಪ, ಲಾಲಪ್ಪ, ಫಕೀರಪ್ಪ ನಮ್ಮ ಕಡೆ ಹಿಂದೂ ಮನೆಯ ಹೆಸರುಗಳು. ಬಾಂಬೆ ಗುಮಾಸ್ತ ‘ಅಪ್ಪ’ ಹಾರಿಸಿ ಹುಸೇನ್ ಅಂತ ಬರೆದರೆ ಪಟ್ಟಿಯಲ್ಲಿ ನೂರು ಹುಸೇನರ ನಡುವೆ ಒಬ್ಬ. ಇಂಗ್ಲಿಷ್ ಕಾಗುಣಿತವೂ ಹೂಸೇನ್, ಹೊಸೈನ್, ಹುಸ್ಸೈನ್ ಅಂತ ಬದಲಾಗುತ್ತದೆ, ಡಬಲ್ ಓ ಹಾಕಿಯೂ ನೋಡಿ. ಊರು ಗೂಲ್‌ಬರ್ಗಾ, ಕುಲ್ಬರ್ಗಾ, ಚಿತ್ತಾಪೂರ್, ಯಾದಗೀರ್, ಶೋರಾಪೂರ್ ಅಂತ ಇರಬಹುದು, ಬಹುಪಾಲು ಸುಮ್ಮನೆ ಬಾಂಬೆ ಅಂತ ಇರುತ್ತದೆ. ‘ಹೈದರಾಬಾದ್’ ಕಂಡ ಕೂಡಲೇ ನಮ್ಮದು ಅಂದುಕೊಳ್ಳಬೇಡಿ, ಸಿಂಧ್‌ನಲ್ಲೂ ಒಂದು ಹೈದರಾಬಾದ್ ಇದೆ. ತಂದೆಯ ಹೆಸರಿನ ಖಾನೆ ಇದ್ದರೆ ಅದೊಂದೇ ಗಟ್ಟಿ ಆಧಾರ. ಅದಕ್ಕೂ ಒಂದು ಮಾತು: ಬೇರೆಯವರ ಡಿಸ್ಚಾರ್ಜ್ ಚೀಟಿ (ಹಿಂದಿನ ಹಡಗಿನ ಕೆಲಸದ ಪತ್ರ) ಹಿಡಿದು ಹಡಗು ಹತ್ತುವುದು ಆ ಕಾಲದಲ್ಲಿ ಮಾಮೂಲು.

ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಬಾಂಬೆ ಸಾರಂಗರು (ಲಸ್ಕರ್‌ಗಳ ಮೇಸ್ತ್ರಿಗಳು) ತಮ್ಮ ಊರಿನವರನ್ನೇ ಸೇರಿಸುತ್ತಿದ್ದರು. ಡೆಕ್ಕಿಗೆ ಕೊಂಕಣ–ಗುಜರಾತ್ ಕರಾವಳಿಯವರು, ಎಂಜಿನ್ನಿಗೆ ಪಂಜಾಬಿ–ಪಠಾಣರು, ಊಟದ ಕೋಣೆಗೆ ಗೋವಾದವರು. ಫರ್ಸಿ ಖಣಿಯ ಕನ್ನಡಿಗನಿಗೆ ಆ ಗುಂಪಿನೊಳಗೆ ಜಾಗ ಸಿಗುವುದು ಸುಲಭವಲ್ಲ. ಸಿಕ್ಕರೆ ಟೋಪಾಸ್ (ಕಸ ಗುಡಿಸುವವ), ಭಂಡಾರಿಯ (ಅಡಿಗೆಯವನ) ಕೈಯಾಳು ಇಂಥ ಕೆಲಸ. ಗೋದಿಯಲ್ಲಿ (ಹಡಗುಕಟ್ಟೆಯಲ್ಲಿ) ಮಾಲು ಇಳಿಸುವವನನ್ನೂ ಊರಲ್ಲಿ ‘ಹಡಗಿನ್ಯಾಗ ಅದಾನ’ ಅಂತಲೇ ಹೇಳುತ್ತಿದ್ದರು. ಕಾಮಾಟಿಪುರಕ್ಕೆ ಹೆಸರು ಬಂದದ್ದೇ ನಿಜಾಮರ ಸೀಮೆಯಿಂದ ಹೋದ ಕಾಮಾಟಿಗಳಿಂದ. ಅಡನ್ ಲಕೋಟೆ ಇರದಿದ್ದರೆ ಹಡಗು ಬಿಟ್ಟು ಬಾಂಬೆ ಮುನಿಸಿಪಾಲಿಟಿಯ ಮರಣ ರಿಜಿಸ್ಟರೇ ನೋಡಿ ಅನ್ನುತ್ತಿದ್ದೆ.

---

ಕಾಗಿಣಾ ದಂಡಿ:

ಕಾಗದ ಮತ್ತ ಓದಸ್ದೆ. ‘ಫೆ’ ಅದ, ತಿಂಗಳು ತೀರ್. ಕಾರಣದಾಗ ಮಫ್ಕೂದುಲ್ ಖಬರ್ ಅಂತೇ ಅದ, ‘ಹತ್ತು ಸಾಲದಿಂದ’ ಅಂತನೂ ಬರದಾರ. ಲಕೋಟಿ ಮ್ಯಾಲ ಐದನೇ ಜಾರ್ಜ್, ಅಚ್ಚು ಏನೂ ಹೊಡದಿಲ್ಲ. ಟಾರ್ಚ್ ಓರೆ ಹಿಡದ್ರ ಅಡನ್ ಮುಂದ ‘ಸ್ಟೀ’ ಅನ್ನೋಷ್ಟು ಕಾಣ್ತದ. ಹಿಂದಿನ ಮೊಹರು ಅರ್ಧ ಹರದದ.

---

ದಫ್ತರಖಾನಾ:

ತೀರ್ 1334 ಫಸಲಿ ಅಂದರೆ 1925ರ ಮೇ ಆಸುಪಾಸು. ಹತ್ತು ವರ್ಷ ಹಿಂದೆ 1915. ಆದರೆ ಹೇಳಿಕೆ ಕೊಟ್ಟವರ ‘ಹತ್ತು’ ಲೆಕ್ಕ ಹಾಕಿ ಹೇಳಿದ ಹತ್ತಲ್ಲ, 1913ರಿಂದ 1917ರವರೆಗೆ ಹಿಡಿಯಿರಿ. ಸಾವಿನ ಸುದ್ದಿ ಮನೆಗೆ ಬಂದಿಲ್ಲ ಅನ್ನೋದು ಮಾತ್ರ ಖಚಿತ. ವಸೂಲ್ ಬಾಕಿಯಲ್ಲಿ 1322ರಿಂದ 1327ರವರೆಗಿನ ಸಾಲು ಕೇಳಿ. ಆತ ಮನಿಆರ್ಡರ್ ಕಳಿಸುತ್ತಿದ್ದರೆ, ಅದು ನಿಂತ ವರ್ಷ ಕಂದಾಯ ಬಾಕಿ ಬಿದ್ದಿರುವ ಸಂಭವ ಹೆಚ್ಚು.

---

ಮಜಗಾಂವ್ ಗೋದಿ:

ಸೈನ್ಯದ ಅಂಚೆ ಅಲ್ಲ, ಮೊಹರು ಸ್ಟೀಮರ್ ಪಾಯಿಂಟ್. ಹಾಗಾದರೆ ಹಡಗು ಉಳಿಯಿತು, ಅಡನ್ನಿನಲ್ಲಿ ಹಡಗಿಗೆ ಕಲ್ಲಿದ್ದಲು ತುಂಬುವ ಡಿಪೊದ ಕೂಲಿ ಕೆಲಸ ಕೂಡ ಉಳಿಯಿತು. ಸ್ಮಾರಕದ ಪಟ್ಟಿ ಇಳಿಸುವಾಗ ಡಿಸೆಂಬರ್ 30ಕ್ಕೆ ನಿಲ್ಲಿಸದೆ 1914ರಿಂದ 1917ರವರೆಗೆ ಪೂರ್ತಿ ಇಳಿಸಿ. ಹಡಗು, ಹುದ್ದೆ, ತಾರೀಖು ಪ್ರಕಾರ ವಿಂಗಡಿಸಿ. ಹುಸೇನ್ ಅಂತ ಶುರುವಾಗುವ ಸಾಲುಗಳಿಗೆ ಬಣ್ಣ ಹಾಕಿ, ಪ್ರತಿ ಹಡಗಿನ ಅಧಿಕೃತ ನಂಬರ್ ಪಕ್ಕದಲ್ಲಿ ಬರೆದುಕೊಂಡು 1915ರ ಪಟ್ಟಿಯಲ್ಲಿ ಒಂದೊಂದೇ ತೆರೆಯಿರಿ. ತಂದೆಯ ಹೆಸರು ತಾಳೆಯಾಗದವನನ್ನು ವಂಶವೃಕ್ಷಕ್ಕೆ ಸೇರಿಸಬೇಡಿ, ಪೆನ್ಸಿಲ್‌ನಲ್ಲೂ ಬೇಡ.

---

ಮಳಖೇಡ ಕೋಟಿ:

ತಂದಿ ಹೆಸರು ನಿಮಗ ಪಕ್ಕಾ ಗೊತ್ತದ ಏನ್ರಿ? ಇಲ್ಲಂದ್ರ ಹೆಳವರನ್ನ (ಮನಿತನದ ವಂಶಾವಳಿ ಬರದಿಟ್ಟು ಓದೋರು) ಕೇಳ್ರಿ. ನಿಮ್ಮ ಮನಿತನದ ಹೆಳವರು ಯಾರು ಅಂತ ಊರಾಗ ಹಿರೇರಿಗೆ ಗೊತ್ತಿರ್ತದ, ಸುಗ್ಗಿ ಮುಗದ ಮ್ಯಾಲ ಬರ್ತಾರ. ಅವರ ಪುಸ್ತಕದಾಗ ಗಂಡಸರ ಸಾಲು ಇರ್ತದ, ಹೆಣಮಕ್ಕಳ ಹೆಸರು ಬರೋದು ಕಮ್ಮಿ, ಸಾಲು–ತಾರೀಖಂತೂ ಕೇಳಬ್ಯಾಡ್ರಿ. ನಿಮ್ಮ ಕವಲು ಒಂದೇ ಓದ್ಸಿ ಬಿಡಬ್ಯಾಡ್ರಿ. ಮುತ್ತಜ್ಜನ ಅಣ್ಣತಮ್ಮರ ಕವಲೂ ಓದಸ್ರಿ, ಯಾಕಂದ್ರ ಬಾಂಬೆಗೆ ಒಬ್ಬನೇ ಹೋಗಿರೋದು ಕಡಿಮಿ, ಜೋಡಿ ಹೋದ ದಾಯಾದಿ ಹೊಳ್ಳಿ ಬಂದಿರ್ತಾನ. ಅವನ ಮನಿಯವರ ಬಲ್ಲಿ ಇನ್ನೊಂದು ಲಕೋಟಿ ಇದ್ರೂ ಇರಬಹುದು. ಮೊಬೈಲ್‌ನ್ಯಾಗ ರೆಕಾರ್ಡ್ ಮಾಡ್ಕೊಳ್ರಿ, ಹೆಳವರು ಹಾಡಿನ ಓಟದಾಗ ಓದ್ತಾರ, ಕೈಲೆ ಬರಕೊಳ್ಳಕ್ಕ ಆಗಂಗಿಲ್ಲ.